ಬೀರುವಿನಿಂದ ಜೇಬಿಗೆ ಬಂದ ಸೂಕ್ಷ್ಮದರ್ಶಕ

ಮಳೆ ಬಿದ್ದ ಮರುದಿನ ಜೋಗಿಮಟ್ಟಿಯನ್ನು ನೋಡಬೇಕು. ಚಿತ್ರದುರ್ಗ ದಾಟಿ, ಆಡುಮಲ್ಲೇಶ್ವರವನ್ನು ಹಿಂದೆ ಬಿಟ್ಟು ಗುಡ್ಡದ ದಾರಿ ಹಿಡಿದರೆ, ಬೇಸಿಗೆಯೆಲ್ಲ ಕಾದ ಹೆಂಚಿನಂತಿದ್ದ ಬಂಡೆಗಳು ಬಣ್ಣ ಬದಲಿಸಿ ನಿಂತಿರುತ್ತವೆ. ನೆರಳಿನ ಬದಿಯಲ್ಲಿ ಹಸಿರು ಹಾವಸೆ, ಬಿಸಿಲಿನ ಬದಿಯಲ್ಲಿ ಬೂದು ಬಣ್ಣದ ಕಲ್ಲುಹೂವು, ಬಂಡೆಯ ಗುಣಿಗಳಲ್ಲಿ ಅಂಗೈಯಗಲದ ನೀರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಿಗೆ ಹರಡಿಕೊಂಡಿರುವ ಈ ಕಾಡು ಈಗ ವನ್ಯಜೀವಿ ಧಾಮ. ಕರಡಿ, ಚಿರತೆ, ನವಿಲು ಎಂದು ಇಲ್ಲಿಯ ಜೀವಿಗಳ ಪಟ್ಟಿಯನ್ನು ಮಕ್ಕಳು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಆದರೆ ಆ ಗುಣಿಯ ನೀರಿನಲ್ಲಿ, ಆ ಹಾವಸೆಯ ಎಲೆಗಳ ಸಂದಿಯಲ್ಲಿ ಇರುವ ಜೀವಿಗಳ ಸಂಖ್ಯೆಗೆ ಹೋಲಿಸಿದರೆ ಕರಡಿ, ಚಿರತೆಗಳು ಲೆಕ್ಕಕ್ಕೇ ಇಲ್ಲ. ಅವು ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಕಾಣದ್ದನ್ನು ಕಾಣಿಸಲು ಸೂಕ್ಷ್ಮದರ್ಶಕ ಬೇಕು. ಅದು ಶಾಲೆಯಲ್ಲಿದೆ. ಆದರೆ ಎಲ್ಲಿದೆ? ಬೀರುವಿನಲ್ಲಿ. ಎಷ್ಟೋ ಶಾಲೆಗಳಲ್ಲಿ ಅದು ಹೊರಗೆ ಬರುವುದು ತಪಾಸಣೆಯ ದಿನ, ಇಲ್ಲವೇ ಪ್ರಾಯೋಗಿಕ ಪರೀಕ್ಷೆಯ ದಿನ. ‘ಮುರಿದರೆ ಕಟ್ಟಿಕೊಡುವವರು ಯಾರು?’ ಎಂಬ ಭಯ ಶಾಲೆಗೂ ಇದೆ, ಮಕ್ಕಳಿಗೂ ಇದೆ. ಆ ಭಯಕ್ಕೆ ಕಾರಣವೂ ಇದೆ. ಹೀಗಾಗಿ ಅಮೀಬಾದ ಅಂದವಾದ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಪೂರ್ಣ ಅಂಕ ಗಿಟ್ಟಿಸಿದ ಹುಡುಗಿಯೊಬ್ಬಳು ಜನ್ಮದಲ್ಲಿ ಒಂದು ಜೀವಕೋಶವನ್ನೂ ಸ್ವಂತ ಕಣ್ಣಿನಿಂದ ನೋಡದೆಯೇ ಪಿ.ಯು.ಸಿ. ಮುಗಿಸಿಬಿಡಬಹುದು. ಈಜು ಬಾರದವನು ಈಜಿನ ಬಗ್ಗೆ ಪ್ರಬಂಧ ಬರೆದಂತೆ!

ಈ ಬೀಗದ ಸಮಸ್ಯೆ ನಮ್ಮ ಊರಿನದು ಮಾತ್ರವಲ್ಲ. ಅದನ್ನು ಬಿಡಿಸಲು ಹೊರಟ ಒಂದು ವಿಶ್ವವಿದ್ಯಾಲಯದ ಪ್ರಯೋಗಾಲಯದ ಕಥೆ ಸ್ವಾರಸ್ಯಕರವಾಗಿದೆ.

ಕಾಡಿನ ನಡುವಿನ ಬೀಗ

ಮನು ಪ್ರಕಾಶ್ ಉತ್ತರ ಪ್ರದೇಶದ ಮೀರತ್‌ನಲ್ಲಿ ಹುಟ್ಟಿದವರು. ಕಾನ್ಪುರದ ಐ.ಐ.ಟಿ.ಯಲ್ಲಿ ಕಂಪ್ಯೂಟರ್ ವಿಜ್ಞಾನ ಓದಿ, ಅಮೆರಿಕದ ಎಂ.ಐ.ಟಿ.ಯಲ್ಲಿ ಡಾಕ್ಟರೇಟ್ ಪಡೆದು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜೈವಿಕ ಎಂಜಿನಿಯರಿಂಗ್ ಕಲಿಸುತ್ತಿರುವವರು. 2011ರ ಸುಮಾರಿಗೆ ಅವರು ಥಾಯ್ಲೆಂಡಿನ ಕಾಡಿನ ನಡುವಿನ ಒಂದು ಸಂಶೋಧನಾ ಕೇಂದ್ರಕ್ಕೆ ಹೋಗಿದ್ದರು. ಅಲ್ಲಿ ಬಹಳ ಬೆಲೆಬಾಳುವ ಸೂಕ್ಷ್ಮದರ್ಶಕವೊಂದಿತ್ತು. ಸುತ್ತ ಕಾಡು, ನೋಡಬೇಕಾದ್ದು ರಾಶಿ ರಾಶಿ. ಆದರೆ ಅದನ್ನು ಮುಟ್ಟುವವರೇ ಇರಲಿಲ್ಲ. ಹಾಳಾದರೆ ತಮ್ಮ ಸಂಬಳದಲ್ಲಿ ತೀರಿಸುವಂಥದ್ದಲ್ಲ ಎಂಬ ಹೆದರಿಕೆ. ಉಪಕರಣ ಇದ್ದೂ ಇಲ್ಲದಂತಾಗುವುದು ಎಂದರೆ ಇದೇ.

ಪ್ರಕಾಶ್ ಅವರು ಪ್ರಶ್ನೆಯನ್ನೇ ತಿರುಗಿಸಿಕೊಂಡರು. ಇನ್ನೂ ಚೆನ್ನಾಗಿ ಕಾಣಿಸುವ ಸೂಕ್ಷ್ಮದರ್ಶಕ ಮಾಡುವುದು ಹೇಗೆ ಎಂದು ಕೇಳಿಕೊಳ್ಳುವ ಬದಲು, ಮುರಿದರೂ ಯಾರಿಗೂ ದುಃಖವಾಗದ ಸೂಕ್ಷ್ಮದರ್ಶಕ ಮಾಡುವುದು ಹೇಗೆ ಎಂದು ಕೇಳಿಕೊಂಡರು. ಅವರೂ ಅವರ ವಿದ್ಯಾರ್ಥಿ ಜಿಮ್ ಸಿಬುಲ್ಸ್ಕಿಯೂ ಸೇರಿ ಇದಕ್ಕೆ ಕಂಡುಕೊಂಡ ಉತ್ತರ ಕಾಗದ. ಮಕ್ಕಳು ಕಾಗದ ಮಡಚಿ ದೋಣಿ ಮಾಡುವಂತೆ, ಒಂದು ಹಾಳೆಯಿಂದ ಕತ್ತರಿಸಿ ತೆಗೆದ ಭಾಗಗಳನ್ನು ಮಡಚಿ, ಒಂದರೊಳಗೊಂದು ತೂರಿಸಿದರೆ ಸೂಕ್ಷ್ಮದರ್ಶಕ ಸಿದ್ಧ. ಹೆಸರು ‘ಫೋಲ್ಡ್‌ಸ್ಕೋಪ್’.

2014ರಲ್ಲಿ ಅವರ ತಂಡ ಇದರ ವಿವರಗಳನ್ನು ಪ್ರಕಟಿಸಿತು. ಪ್ರಬಂಧ ಅಚ್ಚಾದ ‘ಪ್ಲೋಸ್ ಒನ್’ ಪತ್ರಿಕೆಯನ್ನು ಯಾರು ಬೇಕಾದರೂ ಹಣ ಕೊಡದೆ ಓದಬಹುದು ಎಂಬುದನ್ನೂ ಗಮನಿಸಬೇಕು. ಅದರಲ್ಲಿನ ಅಂಕಿ ಅಂಶ ಹೀಗಿದೆ: ಉದ್ದ 7 ಸೆಂಟಿಮೀಟರ್, ಅಗಲ 2 ಸೆಂಟಿಮೀಟರ್. ತೂಕ 9 ಗ್ರಾಮಿಗಿಂತ ಕಡಿಮೆ. ಬಿಡಿಭಾಗಗಳ ವೆಚ್ಚ ಒಂದು ಡಾಲರಿನ ಒಳಗೆ. ಅತಿ ಸಣ್ಣ ಮಸೂರ ಬಳಸಿದರೆ ವರ್ಧನೆ 2,000 ಪಟ್ಟಿಗೂ ಹೆಚ್ಚು. ಮೂರು ಅಂತಸ್ತಿನ ಮೇಲಿಂದ ಬೀಳಿಸಿದರೂ, ಕಾಲಿನಡಿ ಸಿಕ್ಕಿದರೂ ಕೆಲಸ ನಿಲ್ಲುವುದಿಲ್ಲ. ಮೇಷ್ಟ್ರ ಬೀರುವಿನ ಸೂಕ್ಷ್ಮದರ್ಶಕಕ್ಕೆ ಇದರಲ್ಲಿ ಒಂದನ್ನು ಮಾಡಿ ನೋಡುವ ಧೈರ್ಯ ಯಾರಿಗಿದೆ?

ಗಾಜಿನ ಗುಂಡಿನ ಲೆಕ್ಕ

ಕಾಗದದಿಂದ ಸೂಕ್ಷ್ಮದರ್ಶಕ ಎಂದರೆ ಮಾಯವೇನೂ ಅಲ್ಲ. ಕಾಗದ ಬರೀ ಮೈ. ಜೀವ ಇರುವುದು ಅದರ ನಡುವೆ ಕುಳಿತ ಸಾಸಿವೆ ಕಾಳಿನಂಥ ಗಾಜಿನ ಗುಂಡಿನಲ್ಲಿ. ಹತ್ತನೆಯ ತರಗತಿಯ ಭೌತಶಾಸ್ತ್ರ ಬಲ್ಲವರು ಅದರ ಲೆಕ್ಕವನ್ನು ತಾವೇ ಮಾಡಬಹುದು.

ವಸ್ತು ಸ್ಪಷ್ಟವಾಗಿ ಕಾಣಲು ಕಣ್ಣಿನಿಂದ ಕನಿಷ್ಠ 25 ಸೆಂಟಿಮೀಟರ್, ಅಂದರೆ 250 ಮಿಲಿಮೀಟರ್ ದೂರವಿರಬೇಕು ಎಂದು ಪಠ್ಯ ಹೇಳುತ್ತದೆ. ಈ 250ನ್ನು ಮಸೂರದ ಸಂಗಮದೂರದಿಂದ ಭಾಗಿಸಿದರೆ ವರ್ಧನೆ ಎಷ್ಟೆಂದು ಸರಿಸುಮಾರಾಗಿ ಗೊತ್ತಾಗುತ್ತದೆ. ಸಾಮಾನ್ಯ ಗಾಜಿನ ಪೂರ್ತಿ ಗುಂಡಗಿನ ಮಸೂರದ ಸಂಗಮದೂರ ಅದರ ವ್ಯಾಸದ 0.73ರಷ್ಟು. ಗುಂಡಿನ ವ್ಯಾಸ 2.4 ಮಿಲಿಮೀಟರ್ ಎಂದುಕೊಳ್ಳಿ. ಸಂಗಮದೂರ 1.75 ಮಿಲಿಮೀಟರ್. 250ನ್ನು 1.75ರಿಂದ ಭಾಗಿಸಿ. ಉತ್ತರ ಸುಮಾರು 140. ಜನರ ಕೈಗೆ ಬಂದಿರುವ ಸಾಮಾನ್ಯ ಫೋಲ್ಡ್‌ಸ್ಕೋಪಿನ ವರ್ಧನೆಯೂ 140 ಪಟ್ಟು!

ಗುಂಡು ಅರ್ಧ ಚಿಕ್ಕದಾದರೆ ವರ್ಧನೆ ಎರಡು ಪಟ್ಟು. ಹಾಗಾದರೆ ಇನ್ನೂ ಚಿಕ್ಕದು ಮಾಡುತ್ತಲೇ ಹೋಗಬಹುದಲ್ಲ ಎಂದು ಜಾಣ ವಿದ್ಯಾರ್ಥಿ ಕೇಳುತ್ತಾನೆ. ಹೋಗಬಹುದು, ಆದರೆ ಅದಕ್ಕೆ ಬೆಲೆ ತೆರಬೇಕು. ಗುಂಡು ಕಿರಿದಾದಂತೆ ಕಾಣುವ ಜಾಗ ಕಿರಿದಾಗುತ್ತದೆ, ಬೆಳಕು ಕಡಿಮೆಯಾಗುತ್ತದೆ, ಅಂಚುಗಳು ಮಸುಕಾಗುತ್ತವೆ, ಕೂದಲೆಳೆಯಷ್ಟು ಅಲುಗಿದರೂ ನೋಟ ತಪ್ಪುತ್ತದೆ. ಕಾಗದದ ಮಡಿಕೆಗಳ ಜಾಣತನ ಇರುವುದು ಇಲ್ಲಿ. ಎರಡೂ ಹೆಬ್ಬೆರಳುಗಳಿಂದ ಪಟ್ಟಿಗಳನ್ನು ತುಸು ಸರಿಸಿದರೆ ಸ್ಲೈಡು ಅತ್ತಿತ್ತ ಚಲಿಸುತ್ತದೆ, ತುಸು ಎಳೆದರೆ ಮಸೂರ ಹತ್ತಿರ ದೂರ ಆಗುತ್ತದೆ. ದೊಡ್ಡ ಸೂಕ್ಷ್ಮದರ್ಶಕದಲ್ಲಿ ಹಿತ್ತಾಳೆಯ ತಿರುಪುಗಳು ಮಾಡುವ ಕೆಲಸವನ್ನು ಇಲ್ಲಿ ಮಡಿಕೆ ಮಾಡುತ್ತದೆ.

ಒಂಟಿ ಮಸೂರದ ಸೂಕ್ಷ್ಮದರ್ಶಕ ಹೊಸದಲ್ಲ. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವೆನ್‌ಹುಕ್ 1670ರ ದಶಕದಲ್ಲಿ ಇಂಥದ್ದೇ ಪುಟ್ಟ ಮಸೂರದಿಂದ ಕೆರೆಯ ನೀರಿನಲ್ಲಿ ಓಡಾಡುವ ಜೀವಿಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಈಗ ಉಳಿದಿರುವ ಅವನ ಮಸೂರಗಳಲ್ಲೊಂದು 266 ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. 1723ರಲ್ಲಿ ಅವನು ತೀರಿಕೊಂಡಾಗ 26 ಸೂಕ್ಷ್ಮದರ್ಶಕಗಳು ಸೊಸೈಟಿಗೆ ಸೇರಿದವು. ಆದರೆ ಅತ್ಯುತ್ತಮ ಮಸೂರಗಳನ್ನು ತಯಾರಿಸುವ ವಿಧಾನವನ್ನು ಮಾತ್ರ ಅವನು ಕೊನೆಯವರೆಗೂ ಯಾರಿಗೂ ಹೇಳಿಕೊಡಲಿಲ್ಲ. ಅವನ ನಂತರ ಅಷ್ಟು ಸೂಕ್ಷ್ಮವಾಗಿ ನೋಡಬಲ್ಲವರು ಬಹುಕಾಲ ಬರಲಿಲ್ಲ. ಬೀರುವಿಗೆ ಮಾತ್ರವಲ್ಲ, ಬಾಯಿಗೂ ಬೀಗ ಬೀಳಬಹುದು!

ಸೋಡಾ ಬಿರಡೆಯ ಆಟ

ಸೋಡಾ ಬಾಟಲಿಯ ಬಿರಡೆಯನ್ನು ಕಲ್ಲಿನಿಂದ ಬಡಿದು ಚಪ್ಪಟೆ ಮಾಡಿ, ಎರಡು ತೂತು ಕೊರೆದು, ದಾರ ಪೋಣಿಸಿ, ಎರಡು ಕೈಯಲ್ಲಿ ಹಿಡಿದು ಎಳೆದು ಬಿಟ್ಟು ‘ಗುಂಯ್’ ಎನ್ನಿಸುವ ಆಟವನ್ನು ಈಗಿನ ತಂದೆ ತಾಯಿಯರಲ್ಲಿ ಅನೇಕರು ಆಡಿರುತ್ತಾರೆ. ಅಂಗಿಯ ಗುಂಡಿಯಲ್ಲೂ ಇದನ್ನು ಮಾಡುತ್ತಾರೆ. ಈ ಆಟಿಕೆ ಸಾವಿರಾರು ವರ್ಷ ಹಳೆಯದು.

ಪ್ರಕಾಶ್ ಅವರ ತಂಡದ ಇನ್ನೊಂದು ಸಾಧನ ಹುಟ್ಟಿದ್ದು ಇದರಿಂದ. ರಕ್ತವನ್ನು ಪರೀಕ್ಷಿಸುವ ಮುನ್ನ ಅದರ ಕಣಗಳನ್ನೂ ಪ್ಲಾಸ್ಮಾವನ್ನೂ ಬೇರೆ ಮಾಡಬೇಕಾಗುತ್ತದೆ. ಮೊಸರು ಕಡೆದರೆ ಬೆಣ್ಣೆ ಬೇರೆಯಾಗುವುದನ್ನು ನಾವು ಕಂಡಿದ್ದೇವೆ. ಇಲ್ಲಿ ಕಡೆಯುವುದಿಲ್ಲ, ರಭಸದಿಂದ ತಿರುಗಿಸುತ್ತಾರೆ. ಭಾರವಾದ ಕಣಗಳು ಹೊರಕ್ಕೆ ಹೋಗಿ ಕೂರುತ್ತವೆ, ಹಗುರವಾದ ಪ್ಲಾಸ್ಮಾ ಬೇರೆ ನಿಲ್ಲುತ್ತದೆ. ಈ ಕೆಲಸದ ಯಂತ್ರ ಸೆಂಟ್ರಿಫ್ಯೂಜ್. ಅದಕ್ಕೆ ವಿದ್ಯುತ್ ಬೇಕು. ಪ್ರಕಾಶ್ ಅವರು 2013ರಲ್ಲಿ ಉಗಾಂಡಾ ದೇಶಕ್ಕೆ ಹೋದಾಗ, ಕರೆಂಟಿಲ್ಲದ ಒಂದು ಚಿಕಿತ್ಸಾಲಯದಲ್ಲಿ ಸೆಂಟ್ರಿಫ್ಯೂಜನ್ನು ಬಾಗಿಲು ಮುಚ್ಚದಂತೆ ತಡೆಯಲು ಇಟ್ಟಿದ್ದನ್ನು ಕಂಡರಂತೆ.

ಆಟಿಕೆಯ ದಾರ ಹೇಗೆ ಹುರಿಗೊಳ್ಳುತ್ತದೆ, ಬಿಲ್ಲೆ ಎಷ್ಟು ದೊಡ್ಡದಿದ್ದರೆ ಎಷ್ಟು ವೇಗ ಬರುತ್ತದೆ ಎಂಬುದನ್ನು ತಂಡ ಗಣಿತದಿಂದ ಬಿಡಿಸಿತು. 2017ರ ಜನವರಿಯಲ್ಲಿ ಪ್ರಕಟವಾದ ಈ ‘ಪೇಪರ್‌ಫ್ಯೂಜ್’ 2 ಗ್ರಾಮ್ ತೂಗುವ ಕಾಗದದ ಬಿಲ್ಲೆ ಮತ್ತು ದಾರ, ಅಷ್ಟೆ. ವೆಚ್ಚ 20 ಸೆಂಟ್. ನಿಮಿಷಕ್ಕೆ 1,25,000 ಸುತ್ತು ತಿರುಗಿ, ಗುರುತ್ವದ 30,000 ಪಟ್ಟು ಬಲ ಹುಟ್ಟಿಸಿತು. ಬೆರಳಿನಿಂದ ತೆಗೆದ ರಕ್ತದ ಹನಿಯಿಂದ ಒಂದೂವರೆ ನಿಮಿಷದೊಳಗೆ ಪ್ಲಾಸ್ಮಾವನ್ನು ಬೇರ್ಪಡಿಸಿತು. ಬಿರಡೆ ಆಡಿಸುತ್ತ ಕುಳಿತ ಹುಡುಗನನ್ನು ‘ಓದೋದು ಬಿಟ್ಟು ಏನೋ ಅದು?’ ಎಂದು ಗದರಿಸುವ ಮುನ್ನ ಒಮ್ಮೆ ಯೋಚಿಸಬೇಕು!

ಸಂಶೋಧನೆಯ ಸಾಧನ ಎಂದರೆ ಯಂತ್ರವೇ ಆಗಬೇಕೆಂದೂ ಇಲ್ಲ. 1963ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಜಿ.ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಒಂದು ನಕ್ಷೆ ಬರೆದರು. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ಬಾಗಬಲ್ಲದು, ಯಾವುದರಲ್ಲಿ ಬಾಗಲಾರದು ಎಂಬುದನ್ನು ತೋರಿಸುವ ಚೌಕವದು. ಪ್ರೋಟೀನಿನ ರಚನೆಯನ್ನು ಹುಡುಕಿದವರು ತಮ್ಮ ಉತ್ತರ ಸರಿಯೇ ಎಂದು ಇಂದಿಗೂ ತಾಳೆ ನೋಡುವುದು ‘ರಾಮಚಂದ್ರನ್ ನಕ್ಷೆ’ಯ ಮುಂದೆ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ಜಗತ್ತಿನ ಪ್ರಯೋಗಾಲಯಗಳು ಬಳಸುವ ಆ ಸಾಧನಕ್ಕೆ ತಗುಲುವ ಖರ್ಚು ಒಂದು ಹಾಳೆ!

ರವೆ, ಬೆಲ್ಲ ಮತ್ತು ನೊಣ

ಇನ್ನೊಂದು ಸಾಧನಕ್ಕಂತೂ ರೆಕ್ಕೆಗಳಿವೆ. ಕೊಳೆತ ಬಾಳೆಹಣ್ಣಿನ ಸುತ್ತ ಹಾರಾಡುವ ಎಳ್ಳುಕಾಳಿನಷ್ಟು ನೊಣ, ಡ್ರೊಸೊಫಿಲಾ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರು ಇವನ್ನು ಹಾಲಿನ ಸೀಸೆಗಳಲ್ಲಿ ಸಾಕಿದರು. 1910ರಲ್ಲಿ ಕೆಂಪು ಕಣ್ಣಿನ ನೊಣಗಳ ನಡುವೆ ಬಿಳಿ ಕಣ್ಣಿನ ಒಂದು ಗಂಡು ಸಿಕ್ಕಿತು. ಗುಣಗಳನ್ನು ಒಯ್ಯುವ ಜೀನುಗಳು ವರ್ಣತಂತುಗಳ ಮೇಲಿವೆ ಎಂಬುದು ಅದರ ಸಂತಾನದಿಂದ ಗೊತ್ತಾಯಿತು. ಮಾರ್ಗನ್ ಅವರಿಗೆ 1933ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆ ಕೋಣೆಯಲ್ಲಿದ್ದ ಪದವಿ ವಿದ್ಯಾರ್ಥಿ ಆಲ್ಫ್ರೆಡ್ ಸ್ಟರ್ಟೆವಂಟ್ 19ರ ವಯಸ್ಸಿನಲ್ಲಿ ಲೆಕ್ಕದ ಹಾಳೆಗಳನ್ನು ಮನೆಗೆ ಒಯ್ದು, ಕಾಲೇಜಿನ ಮನೆಪಾಠವನ್ನು ಬದಿಗಿಟ್ಟು, ರಾತ್ರಿಯ ಬಹುಭಾಗ ಕುಳಿತು ಜಗತ್ತಿನ ಮೊದಲ ಜೀನ್ ನಕ್ಷೆಯನ್ನು ಬರೆದ! 1913ರಲ್ಲಿ ಅದು ಪ್ರಕಟವಾಯಿತು.

ಮಾರ್ಗನ್ ಕೋಣೆಯ ಇನ್ನೊಂದು ಕೊಡುಗೆ ಅಷ್ಟಾಗಿ ಪಠ್ಯಗಳಲ್ಲಿ ಬರುವುದಿಲ್ಲ. ಕೇಳಿದವರಿಗೆ ಅವರು ನೊಣಗಳನ್ನು ಕೊಡುತ್ತಿದ್ದರು. ಯಾರ ಬಳಿ ಯಾವ ತಳಿ ಇದೆ ಎಂದು ತಿಳಿಸುವ ಪತ್ರಿಕೆಯೂ 1934ರಲ್ಲಿ ಶುರುವಾಯಿತು. ಹೀಗೆ ನೊಣ ವಿಶ್ವವಿದ್ಯಾಲಯಗಳ ಪೊದೆಯಿಂದ ಪೊದೆಗೆ ಹಾರಿತು.

ಅದು ಮೈಸೂರಿಗೂ ಬಂದಿದೆ. ಮಾನಸಗಂಗೋತ್ರಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದ ಡ್ರೊಸೊಫಿಲಾ ತಳಿ ಕೇಂದ್ರ ಜೀವಶಾಸ್ತ್ರದ ಸಂಶೋಧಕರಿಗೆ ಪರಿಚಿತ ಹೆಸರು. ‘ನೊಣಗಳನ್ನು ಮೈಸೂರಿನ ತಳಿ ಕೇಂದ್ರದಿಂದ ಪಡೆಯಲಾಯಿತು’ ಎಂಬ ಸಾಲು ಎಷ್ಟೋ ಸಂಶೋಧನಾ ಪ್ರಬಂಧಗಳಲ್ಲಿದೆ. ತಳಿ ಕಾಪಾಡುವುದೆಂದರೆ ಒಮ್ಮೆ ಮಾಡಿ ಇಟ್ಟುಬಿಡುವ ಕೆಲಸವಲ್ಲ. ನೊಣದ ಸಂಸಾರ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಚ್ಚನೆಯ ಕೋಣೆಯಲ್ಲಿ ಸುಮಾರು ಹತ್ತೇ ದಿನ. ಸೀಸೆಯಿಂದ ಸೀಸೆಗೆ ಬದಲಿಸುತ್ತಲೇ ಇರಬೇಕು. ಹಬ್ಬವೆಂದು, ರಜೆಯೆಂದು ಮರೆತರೆ ತಳಿಯೇ ಹೋಗುತ್ತದೆ.

ಅವುಗಳ ಊಟವೇನು ಗೊತ್ತೇ? ಪರದೇಶದ ಪ್ರಯೋಗಾಲಯಗಳಲ್ಲಿ ಜೋಳದ ಹಿಟ್ಟು, ಕಾಕಂಬಿ. ಮೈಸೂರಿನ ಪ್ರಬಂಧಗಳಲ್ಲಿ ಕಾಣುವ ಅಳತೆ ನಮ್ಮ ಅಡುಗೆಮನೆಯದು: ಒಂದು ಲೀಟರ್ ನೀರಿಗೆ 100 ಗ್ರಾಮ್ ಗೋಧಿ ರವೆ, 100 ಗ್ರಾಮ್ ಬೆಲ್ಲ, 10 ಗ್ರಾಮ್ ಅಗರ್. ಕುದಿಸಿ, ಬೂಷ್ಟು ಹಿಡಿಯದಿರಲೆಂದು 7.5 ಮಿಲಿಲೀಟರ್ ಪ್ರೊಪಿಯೋನಿಕ್ ಆಮ್ಲ ಬೆರೆಸಿ, ಸೀಸೆಗಳಿಗೆ ಹೊಯ್ಯುವುದು. ಹೆಚ್ಚೂ ಕಡಿಮೆ ತುಪ್ಪವಿಲ್ಲದ ಸಜ್ಜಿಗೆ! ಊರಿನಲ್ಲಿ ಸಿಗುವುದರಲ್ಲೇ ಸಾಧನವನ್ನು ಬದುಕಿಸಿಕೊಳ್ಳುವ ಬುದ್ಧಿ ಇದು.

ಮೈಸೂರಿನವರು ಪಡೆದುಕೊಂಡದ್ದಷ್ಟೇ ಅಲ್ಲ, ಹೊಸದನ್ನು ಮಾಡಿಯೂ ಕೊಟ್ಟಿದ್ದಾರೆ. ನಸೂಟಾ ಎಂಬ ನೊಣಕ್ಕೆ 8 ವರ್ಣತಂತುಗಳು. ಅದರ ಹತ್ತಿರದ ನೆಂಟ ಅಲ್ಬೊಮಿಕಾನ್ಸ್‌ಗೆ 6. ಎಚ್.ಎ. ರಂಗನಾಥ್, ಎನ್.ಬಿ. ರಾಮಚಂದ್ರ ಮೊದಲಾದವರು ಇವೆರಡರ ಮಿಶ್ರ ಸಂತಾನವನ್ನು ತಲೆಮಾರುಗಟ್ಟಲೆ ಬೆಳೆಸಿದಾಗ, ವರ್ಣತಂತುಗಳ ಹೊಸ ಜೋಡಣೆಯ ತಳಿಗಳೇ ಸೀಸೆಯೊಳಗೆ ಮೂಡಿದವು. ಅವಕ್ಕೆ ‘ಸೈಟೊರೇಸ್’ ಎಂದು ಹೆಸರಿಟ್ಟರು. ಪ್ರಕೃತಿಯಲ್ಲಿ ಹೊಸ ಬಗೆಯ ಜೀವಿ ಹುಟ್ಟಲು ಯುಗಗಳು ಬೇಕು ಎನ್ನುತ್ತೇವೆ. ಆ ದಾರಿಯ ಮೊದಲ ಹೆಜ್ಜೆಗಳು ಹೇಗಿರಬಹುದು ಎಂದು ಕಣ್ಣೆದುರೇ ನೋಡಲು ಮೈಸೂರಿನ ಈ ಸೀಸೆಗಳು ಅವಕಾಶ ಮಾಡಿಕೊಟ್ಟವು. 1980ರ ದಶಕದಿಂದ ಈ ಕುರಿತ ಪ್ರಬಂಧಗಳು ಹೊರಬಂದಿವೆ.

ಕೊಟ್ಟದ್ದು, ಮಾರಿದ್ದು

ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸಾಧನ ಯಾರದು? ಮಾಡಿದವರದೇ, ಸಂಸ್ಥೆಯದೇ, ಎಲ್ಲರದೇ? ಈ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳು ಬಂದಿವೆ.

ಒಂದು ಜೀವಿಯ ಡಿ.ಎನ್.ಎ. ತುಂಡನ್ನು ಇನ್ನೊಂದರೊಳಗೆ ಕಸಿ ಮಾಡುವ ವಿಧಾನವನ್ನು 1973ರಲ್ಲಿ ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬೋಯರ್ ತೋರಿಸಿದರು. ಅವರ ಎರಡು ವಿಶ್ವವಿದ್ಯಾಲಯಗಳು ಪೇಟೆಂಟಿಗೆ ಅರ್ಜಿ ಹಾಕಿ 1980ರಲ್ಲಿ ಪಡೆದವು. 1997ರಲ್ಲಿ ಅದರ ಅವಧಿ ಮುಗಿಯುವ ಹೊತ್ತಿಗೆ ಬಂದ ಹಣ ಸುಮಾರು 25 ಕೋಟಿ ಡಾಲರ್. ಕಂಪನಿಗಳು ಹಣ ಕಟ್ಟಬೇಕಿತ್ತು, ಕಾಲೇಜುಗಳ ಸಂಶೋಧಕರು ಕಟ್ಟಬೇಕಿರಲಿಲ್ಲ. ಅದೇ ಕಾಲದಲ್ಲಿ, 1975ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸೀಸರ್ ಮಿಲ್‌ಸ್ಟೈನ್ ಮತ್ತು ಜಾರ್ಜ್ ಕೋಹ್ಲರ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನ ಕಂಡುಹಿಡಿದರು. ಅದಕ್ಕೆ ಪೇಟೆಂಟೇ ಆಗಲಿಲ್ಲ. 1984ರ ನೊಬೆಲ್ ಪ್ರಶಸ್ತಿ ಮಾತ್ರ ಬಂತು.

ಕೊಟ್ಟವನ ಪಾಲಿಗೆ ಏನೂ ಉಳಿಯದ ಕಥೆಯೂ ಇದೆ. ಅಂಬಲಿ ಮೀನಿನಲ್ಲಿ ಹಸಿರಾಗಿ ಹೊಳೆಯುವ ಒಂದು ಪ್ರೋಟೀನನ್ನು 1962ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿದ್ದ ಒಸಾಮು ಶಿಮೊಮುರಾ ಗುರುತಿಸಿದರು. ಅದರ ಜೀನನ್ನು 1992ರಲ್ಲಿ ಬಿಡಿಸಿ ತೆಗೆದವರು ಡಗ್ಲಸ್ ಪ್ರಾಶರ್. ಕೆಲಸ ಮುಂದುವರಿಸಲು ಹಣ ಸಿಗದಾದಾಗ ಅವರು ಆ ಜೀನನ್ನು ಮಾರ್ಟಿನ್ ಚಾಲ್ಫಿ ಮತ್ತು ರೋಜರ್ ಚೆನ್ ಅವರಿಗೆ ಕಳಿಸಿಕೊಟ್ಟರು. ಇವರು ಅದನ್ನು ಬೇರೆ ಜೀವಿಗಳ ಕೋಶಗಳಲ್ಲಿ ದೀಪದಂತೆ ಹೊತ್ತಿಸಿದರು, ನಾನಾ ಬಣ್ಣಗಳನ್ನು ತಂದರು. ಕೋಶದೊಳಗೆ ಯಾವ ಪ್ರೋಟೀನು ಎಲ್ಲಿ ಹೋಗುತ್ತದೆ ಎಂದು ಜೀವಂತವಾಗಿ ನೋಡುವ ಸಾಧನ ಹೀಗೆ ಬಂತು. 2008ರಲ್ಲಿ ಶಿಮೊಮುರಾ, ಚಾಲ್ಫಿ, ಚೆನ್ ಅವರಿಗೆ ನೊಬೆಲ್ ಬಂದಾಗ, ಪ್ರಾಶರ್ ಕಾರು ಮಾರುವ ಮಳಿಗೆಯೊಂದರಲ್ಲಿ ಗಿರಾಕಿಗಳನ್ನು ಕರೆದೊಯ್ಯುವ ವ್ಯಾನಿನ ಚಾಲಕ! ಚಾಲ್ಫಿ ಮತ್ತು ಚೆನ್ ತಮ್ಮ ಖರ್ಚಿನಲ್ಲಿ ಅವರನ್ನು ಸಮಾರಂಭಕ್ಕೆ ಕರೆಸಿಕೊಂಡರು. ಮುಂದೆ ಅವರು ಚೆನ್ ಅವರ ಪ್ರಯೋಗಾಲಯದಲ್ಲೇ ಕೆಲಸಕ್ಕೆ ಸೇರಿದರು.

ಹಾಗೆಂದು ಪೇಟೆಂಟ್ ಪಡೆದವರು ಕೆಟ್ಟವರು, ಪಡೆಯದವರು ಸಾಧುಗಳು ಎಂದು ತೀರ್ಪು ಕೊಡುವುದು ಸರಿಯಲ್ಲ. ವಿಶ್ವವಿದ್ಯಾಲಯಕ್ಕೂ ಹಣ ಬೇಕು, ಮುಂದಿನ ಸಂಶೋಧನೆ ನಡೆಯಬೇಕು. ಆದರೆ ಒಂದು ಮಾತು ಎಲ್ಲ ಕಥೆಗಳಲ್ಲೂ ಸಮಾನ. ಸಾಧನ ಅದನ್ನು ಮಾಡಿದವರ ಕೈಯಲ್ಲೇ ಉಳಿದಾಗ ಅದರಿಂದ ಆಗುವುದು ಸ್ವಲ್ಪ. ಬೇರೆಯವರ ಕೈಗೆ ಹೋದಾಗಲೇ ಮಾಡಿದವರೂ ಊಹಿಸದ ಕೆಲಸಗಳು ಅದರಿಂದ ಆಗುತ್ತವೆ. ಫೋಲ್ಡ್‌ಸ್ಕೋಪಿನ ವಿಷಯದಲ್ಲೂ ಹೀಗೇ ಆಯಿತು. 2014ರಲ್ಲಿ ತಂಡ ಕೇಳಿದವರಿಗೆ ಸಾವಿರಾರು ಫೋಲ್ಡ್‌ಸ್ಕೋಪುಗಳನ್ನು ದೇಶ ದೇಶಗಳಿಗೆ ಕಳಿಸಿತು. ಮೊದಲು ರೋಗಪತ್ತೆಯ ಕನಸು ಮುಖ್ಯವಾಗಿತ್ತು. ಮಕ್ಕಳು, ಮೇಷ್ಟ್ರುಗಳು ಅದನ್ನು ನೋಡುವ, ಕಲಿಯುವ ಸಾಧನವಾಗಿ ಮಾಡಿಕೊಂಡರು. ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೂ 2015ರಲ್ಲಿ ಪ್ರಕಾಶ್ ಅವರ ಪ್ರಯೋಗಾಲಯದೊಂದಿಗೆ ಒಪ್ಪಂದ ಮಾಡಿಕೊಂಡು, ದೇಶದ ಶಾಲಾ ಕಾಲೇಜುಗಳಲ್ಲಿ ಅದರ ಬಳಕೆಗೆ ನೆರವು ಕೊಟ್ಟಿತು.

ಏನಾಗದು, ಏನಾದೀತು

ಉತ್ಸಾಹದಲ್ಲಿ ಮಿತಿಗಳನ್ನು ಮರೆಯಬಾರದು. 140 ಪಟ್ಟಿನ ಫೋಲ್ಡ್‌ಸ್ಕೋಪಿನಲ್ಲಿ ಈರುಳ್ಳಿ ಪೊರೆಯ ಕೋಶ, ಎಲೆಯ ಪತ್ರರಂಧ್ರ, ಪರಾಗ, ಕೆರೆನೀರಿನ ಪಾಚಿ ಚೆನ್ನಾಗಿ ಕಾಣುತ್ತವೆ. ರಕ್ತಕಣಗಳು ಬರೀ ಚುಕ್ಕೆಗಳು. ಮೊಸರಿನ ಬ್ಯಾಕ್ಟೀರಿಯಾಗಳನ್ನು ಬಿಡಿಬಿಡಿಯಾಗಿ ನೋಡುತ್ತೇನೆಂದರೆ ಆಗದು, ಅದಕ್ಕೆ ಕಾಲೇಜಿನ ದೊಡ್ಡ ಸೂಕ್ಷ್ಮದರ್ಶಕವೇ ಬೇಕು. ಕೈ ಪಳಗಲು ಒಂದೆರಡು ದಿನ ಬೇಕು. ಇದರಲ್ಲಿ ನೋಡಿ ಯಾರೂ ತಮ್ಮ ಕಾಯಿಲೆಯನ್ನು ತಾವೇ ನಿರ್ಧರಿಸಿಕೊಳ್ಳಬಾರದು. ಬೆಲೆಯೂ ಅಷ್ಟೆ, ಒಂದು ಡಾಲರು ಎಂಬುದು 2014ರ ಬಿಡಿಭಾಗಗಳ ಲೆಕ್ಕ. ಮಾರಾಟದ ದರ ಬೇರೆ, ವಿಚಾರಿಸಿ ಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು, ಸಾಧನವೊಂದೇ ಸಾಲದು. ತೋರಿಸಿಕೊಡುವ ಮೇಷ್ಟ್ರು ಬೇಕು. ಚಿತ್ರದುರ್ಗ ಜಿಲ್ಲೆಯ ಮಟ್ಟಿಗೆ ಇಲ್ಲಿ ಒಂದು ಅನುಕೂಲವಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅಲ್ಲಿಯ ಪ್ರತಿಭಾ ಅಭಿವೃದ್ಧಿ ಕೇಂದ್ರದಲ್ಲಿ ಪ್ರೌಢಶಾಲೆ ಮತ್ತು ಪಿ.ಯು. ಕಾಲೇಜುಗಳ ಸಾವಿರಾರು ವಿಜ್ಞಾನ ಶಿಕ್ಷಕರು ಉಳಿದುಕೊಂಡು, ಪ್ರಯೋಗಗಳನ್ನು ಕೈಯಾರೆ ಮಾಡಿ ತರಬೇತಿ ಪಡೆದಿದ್ದಾರೆ. ಜೀವಶಾಸ್ತ್ರದ ಪ್ರಯೋಗಾಲಯವೂ ಅಲ್ಲಿದೆ. ಅಲ್ಲಿ ಕಲಿತು ಬಂದ ಶಿಕ್ಷಕರು ಊರಿನ ಶಾಲೆಗೆ ಮರಳಿದ ಮೇಲೆ ಬೀರು ತೆರೆಯುತ್ತದೆಯೇ, ವೇಳಾಪಟ್ಟಿಯಲ್ಲಿ ಪ್ರಯೋಗಕ್ಕೆ ಒಂದು ಪಿರಿಯಡ್ಡು ಉಳಿಯುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಆ ಪ್ರಶ್ನೆಯನ್ನು ಕೇಳಬೇಕಾದವರು ಪೋಷಕರು. ಟ್ಯೂಷನ್ನಿಗೆ, ಕೋಚಿಂಗಿಗೆ ಹಿಂದೆ ಮುಂದೆ ನೋಡದೆ ಹಣ ಕಟ್ಟುವ ನಾವು, ‘ನಿಮ್ಮ ಶಾಲೆಯಲ್ಲಿ ಈ ವರ್ಷ ಎಷ್ಟು ಪ್ರಯೋಗ ಮಾಡಿಸಿದಿರಿ?’ ಎಂದು ಪೋಷಕರ ಸಭೆಯಲ್ಲಿ ಕೇಳುವುದೇ ಇಲ್ಲ. ವೈದ್ಯರಾಗಲಿ, ಜೈವಿಕ ತಂತ್ರಜ್ಞರಾಗಲಿ ಎಂದು ಮಕ್ಕಳ ಬಗ್ಗೆ ಕನಸು ಕಾಣುವವರು, ಅವರು ಜೀವಕೋಶ ನೋಡಿದ್ದಾರೆಯೇ ಎಂದು ಒಮ್ಮೆ ವಿಚಾರಿಸಬೇಡವೇ?

ಮಾಡಿ ನೋಡಿ

1. ಈರುಳ್ಳಿಯ ಒಳಪದರದಿಂದ ತೆಳುವಾದ ಪೊರೆ ಎಳೆದು, ಒಂದು ಹನಿ ನೀರಿನೊಂದಿಗೆ ಸ್ಲೈಡಿನ ಮೇಲಿಡಿ. ಇಟ್ಟಿಗೆ ಗೋಡೆಯಂತೆ ಕೋಶಗಳು ಕಾಣುತ್ತವೆ. ಕಂಡದ್ದನ್ನು ಬರೆಯಿರಿ, ಪುಸ್ತಕದ ಚಿತ್ರವನ್ನಲ್ಲ.

2. ಊರ ಕೆರೆಯ ಅಂಚಿನ ನೀರು ಒಂದು ಹನಿ, ಮನೆಯ ತೊಟ್ಟಿಯ ನೀರು ಒಂದು ಹನಿ. ವಾರಕ್ಕೊಮ್ಮೆ ನೋಡಿ. ಬೇಸಿಗೆಗೂ ಮಳೆಗಾಲಕ್ಕೂ ಏನು ಬದಲಾಯಿತು ಎಂದು ತಾರೀಖು ಹಾಕಿ ಟಿಪ್ಪಣಿ ಇಡಿ.

3. ಖಾಲಿ ಸೀಸೆಯಲ್ಲಿ ಕಳಿತ ಬಾಳೆಹಣ್ಣಿನ ತುಂಡು ಹಾಕಿ ಬಾಯಿ ತೆರೆದಿಡಿ. ಹಣ್ಣಿನ ನೊಣಗಳು ಬಂದ ಮೇಲೆ ಬಾಯಿಗೆ ಹತ್ತಿ ಇಡಿ. ಮೊದಲ ಹುಳು, ಮೊದಲ ಗೂಡು, ಮೊದಲ ಹೊಸ ನೊಣ ಕಂಡ ದಿನಗಳನ್ನು ಗುರುತಿಸಿ. ಚಳಿಗಾಲದಲ್ಲಿ ಹೆಚ್ಚು ದಿನ ಹಿಡಿಯುತ್ತದೆಯೇ?

ಎಚ್ಚರಿಕೆ: ಯಾವ ಮಸೂರದಿಂದಲೂ ಸೂರ್ಯನನ್ನು ನೇರವಾಗಿ ನೋಡಬಾರದು. ಕೆರೆ, ಹೊಂಡದ ಅಂಚಿಗೆ ಹೋಗುವಾಗ ದೊಡ್ಡವರು ಜೊತೆಗಿರಲಿ.

ಇನ್ನೊಂದು ಮಾತು ಜೋಗಿಮಟ್ಟಿಗೆ ಹೋಗುವವರಿಗೆ. ವನ್ಯಜೀವಿ ಧಾಮದಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಗಿಡವನ್ನಾಗಲಿ, ಹುಳುವನ್ನಾಗಲಿ ತರುವಂತಿಲ್ಲ. ಕಲ್ಲುಹೂವು ಬಹಳ ನಿಧಾನವಾಗಿ ಬೆಳೆಯುವಂಥದ್ದು, ಅದನ್ನು ಉಗುರಿನಿಂದ ಕೆರೆದು ತೆಗೆಯುವುದು ತಪ್ಪು. ಹಿಂದೆ ನೋಡಬೇಕೆಂದರೆ ಜೀವಿಯನ್ನು ಕಿತ್ತು ಪ್ರಯೋಗಾಲಯಕ್ಕೆ ತರಬೇಕಿತ್ತು. ಈಗ ಪ್ರಯೋಗಾಲಯವೇ ಜೇಬಿನಲ್ಲಿ ಬರುತ್ತದೆ. ಅನುಮತಿ ಪಡೆದು, ಮೇಷ್ಟ್ರ ಜೊತೆ ಹೋಗಿ, ಗುಣಿಯ ಒಂದು ಹನಿ ನೀರನ್ನು ಅಲ್ಲೇ ನೋಡಿ, ಅಲ್ಲೇ ಮರಳಿ ಬಿಟ್ಟು ಬರಬಹುದು.

ಗುಡ್ಡಕ್ಕೆ ಹೋಗುವುದು ರಜೆಯಲ್ಲಾದರೂ ಆದೀತು. ಅದಕ್ಕೆ ಮೊದಲು ಮಾಡಬಹುದಾದ ಸುಲಭದ ಕೆಲಸ ಒಂದಿದೆ. ನಾಳೆ ಶಾಲೆಗೆ ಹೋದಾಗ, ಪ್ರಯೋಗಾಲಯದ ಬೀರುವಿನ ಕೀಲಿಕೈ ಯಾರ ಬಳಿ ಇದೆ ಎಂದು ಕೇಳಿ.